ಸಂಶೋಧನಾ ಅನುದಾನ: ‘ಎರಡು ಪಟ್ಟು ಕೇಳು, ಅರ್ಧ ಸಿಗುತ್ತೆ’ ಎಂಬ ಮಾತು ನಿಜವೇ?

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಅರ್ಜಿಯ ಕಾಲ ಬಂತೆಂದರೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಮೆಸೇಜುಗಳು ಓಡಾಡಲು ಶುರುವಾಗುತ್ತವೆ. ಮೊದಲನೆಯದು, ಸಂಶೋಧನೆ ಮಾಡುವ ಪ್ರತಿ ವಿದ್ಯಾರ್ಥಿಗೂ ಸರ್ಕಾರ ಲಕ್ಷಗಟ್ಟಲೆ ಹಣ ಕೊಡುತ್ತಿದೆ, ಇಂದೇ ಕೊನೆಯ ದಿನ, ಲಿಂಕ್ ಒತ್ತಿ ಎನ್ನುವ ಫಾರ್ವರ್ಡ್. ಎರಡನೆಯದು ಸೀನಿಯರ್‌ಗಳ ಬುದ್ಧಿಮಾತು: “ಬಜೆಟ್ ಕಾಲಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೇಕಾದ್ದಕ್ಕಿಂತ ಎರಡು ಪಟ್ಟು ಬರೆಯಿರಿ. ಅವರು ಹೇಗೂ ಅರ್ಧ ಕತ್ತರಿಸುತ್ತಾರೆ.”

ಮೊದಲನೆಯದು ಮೋಸ ಎಂದು ಬಹಳಷ್ಟು ಜನ ಈಗ ಗುರುತಿಸುತ್ತಾರೆ. ಎರಡನೆಯದು ಒಳ್ಳೆಯ ಮನಸ್ಸಿನಿಂದ ಬಂದ ಸಲಹೆ, ಆದ್ದರಿಂದ ಯಾರೂ ಅನುಮಾನಿಸುವುದಿಲ್ಲ. ಆದರೆ ಅರ್ಜಿಗಳು ಬೀಳುವುದಕ್ಕೆ, ಸಿಕ್ಕ ಹಣ ಸಾಲದೆ ವಿದ್ಯಾರ್ಥಿಗಳು ಮನೆಯಿಂದ ದುಡ್ಡು ತರುವುದಕ್ಕೆ, ಕೊನೆಗೆ ಫಲಿತಾಂಶವೇ ತಪ್ಪಾಗುವುದಕ್ಕೆ ಈ ಎರಡನೆಯ ಸಲಹೆ ಹೆಚ್ಚು ಕಾರಣವಾಗುತ್ತದೆ. ಹೇಗೆ ಎಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಅನುದಾನ ಬೇರೆ, ಫೆಲೋಶಿಪ್ ಬೇರೆ

ಫಾರ್ವರ್ಡ್‌ಗಳಲ್ಲಿ ಈ ಎರಡು ಪದಗಳು ಕಲಸಿಹೋಗಿರುತ್ತವೆ. ಫೆಲೋಶಿಪ್ ಅಥವಾ ಸ್ಟೈಪೆಂಡ್ ಎಂದರೆ ಸಂಶೋಧನೆ ಮಾಡುವ ವ್ಯಕ್ತಿಯ ಖರ್ಚಿಗೆ ಕೊಡುವ ಹಣ. ಉದಾಹರಣೆಗೆ, ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಅದು ಅರ್ಹತಾ ಪರೀಕ್ಷೆ ಪಾಸಾಗಿ ಪಿಎಚ್‌ಡಿಗೆ ಸೇರಿದವರಿಗೆ ಸಿಗುವ ಹಣ. ಈ ಅಂಕಿಯನ್ನೇ ಎತ್ತಿಕೊಂಡು ‘ಎಲ್ಲ ಪದವಿ ವಿದ್ಯಾರ್ಥಿಗಳಿಗೂ ತಿಂಗಳಿಗೆ 37,000’ ಎಂದು ಯಾರಾದರೂ ಕಳಿಸಿದರೆ ಅದು ಸುಳ್ಳು.

ಅನುದಾನ ಎಂದರೆ ಒಂದು ನಿರ್ದಿಷ್ಟ ಕೆಲಸ ಮಾಡಲು ಕೊಡುವ ಹಣ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಈ ಮಂಡಳಿ 1970ರ ದಶಕದಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ಆಯ್ದು ಸಣ್ಣ ಮೊತ್ತದ ನೆರವು ಕೊಡುತ್ತ ಬಂದಿದೆ. ಇಲ್ಲಿ ಹಣ ಸಿಗುವುದು ಲಕ್ಷಗಳಲ್ಲಿ ಅಲ್ಲ, ಸಾವಿರಗಳಲ್ಲಿ. ಸಣ್ಣ ಮೊತ್ತವಾದ್ದರಿಂದಲೇ ಲೆಕ್ಕ ಸರಿಯಾಗಿರಬೇಕು. ಹತ್ತು ಲಕ್ಷದ ಯೋಜನೆಯಲ್ಲಿ ಎರಡು ಸಾವಿರ ತಪ್ಪಿದರೆ ತಡೆದುಕೊಳ್ಳಬಹುದು. ಎಂಟು ಸಾವಿರದ ಯೋಜನೆಯಲ್ಲಿ ಎರಡು ಸಾವಿರ ತಪ್ಪಿದರೆ ಕೆಲಸವೇ ನಿಲ್ಲುತ್ತದೆ.

ಬಜೆಟ್ ಎಂದರೆ ರೂಪಾಯಿಯಲ್ಲಿ ಬರೆದ ಕೆಲಸದ ಪಟ್ಟಿ

ಬಹಳ ಜನ ಬಜೆಟ್ ಅನ್ನು ಅರ್ಜಿಯ ಕೊನೆಯ ರಾತ್ರಿ ತುಂಬುತ್ತಾರೆ. ಸಾಮಗ್ರಿ 10,000, ಪ್ರಯಾಣ 5,000, ಇತರೆ 5,000, ಒಟ್ಟು 20,000. ಗುಂಡು ಗುಂಡಾದ ಅಂಕಿಗಳು, ನೋಡಲು ಚೆಂದ. ಆದರೆ ಅರ್ಜಿ ಓದುವವರಿಗೆ ಇದರಿಂದ ಒಂದೇ ವಿಷಯ ಗೊತ್ತಾಗುತ್ತದೆ: ಇವರು ಕೆಲಸವನ್ನು ಮನಸ್ಸಿನಲ್ಲಿ ಇನ್ನೂ ಒಮ್ಮೆಯೂ ಮಾಡಿ ನೋಡಿಲ್ಲ.

ಈಗ ಉದಾಹರಣೆಗೆ ಬರೋಣ. ಚಿಕ್ಕಬಳ್ಳಾಪುರದ ಕಾಲೇಜೊಂದರ ವಿದ್ಯಾರ್ಥಿಗಳು ಬಾಗೇಪಲ್ಲಿ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಬೇಕೆಂದಿದ್ದಾರೆ ಎಂದುಕೊಳ್ಳಿ. ಆ ಭಾಗದಲ್ಲಿ ಇದು ನಿಜವಾದ ಸಮಸ್ಯೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿಯ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ತೊಂದರೆಯಿಲ್ಲ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ಹಾನಿ.

ಬಜೆಟ್ ಬರೆಯಬೇಕಾದರೆ ಈ ವಿದ್ಯಾರ್ಥಿಗಳು ಮೊದಲು ದುಡ್ಡಿನ ಬಗ್ಗೆ ಯೋಚಿಸಬಾರದು, ಕೆಲಸದ ಬಗ್ಗೆ ಯೋಚಿಸಬೇಕು. ಎಷ್ಟು ಬೋರ್‌ವೆಲ್? 20. ಎಷ್ಟು ಸಲ? ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ. ಅಂದರೆ 40 ಮಾದರಿ. ಇಷ್ಟೇ ಸಾಕೇ? ಸಾಲದು. ಅಳತೆ ನಂಬುವಂಥದ್ದೇ ಎಂದು ನೋಡಲು ಹತ್ತಕ್ಕೊಂದು ಮಾದರಿಯನ್ನು ಜೋಡಿಯಾಗಿ ತೆಗೆಯಬೇಕು. ಎರಡೂ ಬಾಟಲಿಯಲ್ಲಿ ಒಂದೇ ಉತ್ತರ ಬಂದರೆ ಅಳತೆ ಸರಿಯಿದೆ ಎಂಬ ಧೈರ್ಯ. ಅದಕ್ಕೆ 4. ಜೊತೆಗೆ, ಪ್ರತಿ ದಿನದ ಓಡಾಟದಲ್ಲೂ ಶುದ್ಧ ನೀರು ತುಂಬಿದ ಒಂದು ಬಾಟಲಿ ಕೊಂಡೊಯ್ದು ವಾಪಸ್ ತಂದು ಪರೀಕ್ಷಿಸಬೇಕು. ಅದರಲ್ಲಿ ಫ್ಲೋರೈಡ್ ಕಂಡರೆ ತಪ್ಪು ಬಾಟಲಿಯದ್ದೋ ಲ್ಯಾಬಿನದ್ದೋ ಎಂದು ತಿಳಿಯುತ್ತದೆ. ದಿನಕ್ಕೆ 10 ಬೋರ್‌ವೆಲ್ ಎಂದರೂ ಎರಡು ಋತುವಿಗೆ 4 ದಿನ, ಆದ್ದರಿಂದ ಇನ್ನೂ 4 ಬಾಟಲಿ. ಒಟ್ಟು 48 ಪರೀಕ್ಷೆ.

ಬಾಟಲಿ ಎಂಥದ್ದು? ಫ್ಲೋರೈಡ್ ಗಾಜಿನೊಡನೆ ವರ್ತಿಸುವುದರಿಂದ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಐಸ್ ಪೆಟ್ಟಿಗೆ ಬೇಕೇ? ಫ್ಲೋರೈಡ್‌ಗೆ ಬೇಡ. ನೀರಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದಾದರೆ ಬೇಕಾಗುತ್ತಿತ್ತು. ಹೀಗೆ ಪ್ರತಿ ಸಾಲೂ ವಿಜ್ಞಾನದ ಒಂದು ಪ್ರಶ್ನೆಗೆ ಉತ್ತರ. ಫ್ಲೋರೈಡ್ ಅರ್ಜಿಯಲ್ಲಿ ಗಾಜಿನ ಬಾಟಲಿಗೂ ಐಸ್ ಪೆಟ್ಟಿಗೆಗೂ ಹಣ ಕೇಳಿದ್ದರೆ, ಅರ್ಜಿ ಓದುವ ತಜ್ಞರಿಗೆ ಇವರು ವಿಧಾನ ಓದಿಲ್ಲ ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ.

ಈಗ ದರ ಹಾಕೋಣ. ಈ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನ ಲ್ಯಾಬು, ನಿಮ್ಮ ಊರಿನ ಆಟೋ ಏನು ಕೇಳುತ್ತದೆಂದು ನೀವೇ ವಿಚಾರಿಸಬೇಕು.

• ಪರೀಕ್ಷೆ: 48 × 300 ರೂ. = 14,400 ರೂ. ಶೇ 18 ಜಿಎಸ್‌ಟಿ 2,592 ರೂ. ಸೇರಿ 16,992 ರೂ.
• ಪ್ಲಾಸ್ಟಿಕ್ ಬಾಟಲಿ (ಸೋರಿದರೆ ಇರಲೆಂದು 2 ಹೆಚ್ಚು): 50 × 15 ರೂ. = 750 ರೂ. ಜಿಎಸ್‌ಟಿ ಸೇರಿ 885 ರೂ.
• ಬಾಗೇಪಲ್ಲಿಯಿಂದ ಹಳ್ಳಿಗಳಿಗೆ ಬಾಡಿಗೆ ಆಟೋ: 4 ದಿನ × 1,200 ರೂ. = 4,800 ರೂ.
• ಬಸ್, ಹೋಗಿಬರಲು: 1 ಜನ × 4 ದಿನ × 160 ರೂ. = 640 ರೂ.
• ಊಟ, ತಿಂಡಿ: 2 ಜನ × 4 ದಿನ × 150 ರೂ. = 1,200 ರೂ.
• ವರದಿ ಮುದ್ರಣ: 3 ಪ್ರತಿ × 400 ರೂ. = 1,200 ರೂ.
• ಪ್ರತಿ ಬೋರ್‌ವೆಲ್ ಬಳಕೆದಾರರಿಗೆ ಫಲಿತಾಂಶದ ಕನ್ನಡ ಹಾಳೆ: 20 × 30 ರೂ. = 600 ರೂ.
• ಮೇಲಿನ ಮೊತ್ತ 26,317 ರೂ. ಅನಿರೀಕ್ಷಿತ ಖರ್ಚಿಗೆ ಅದರ ಶೇ 5, ಅಂದರೆ 1,316 ರೂ.
• ಒಟ್ಟು: 27,633 ರೂ.

ಬಸ್ಸಿನ ಸಾಲಿನಲ್ಲಿ ಒಬ್ಬರೇ ಏಕೆ? ಮಾದರಿ ತರಲು ಹೋಗುವ ಇಬ್ಬರಲ್ಲಿ ಒಬ್ಬಳು ವಿದ್ಯಾರ್ಥಿನಿ. ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಶೂನ್ಯ ಟಿಕೆಟ್. ಅವಳ ಹೆಸರಲ್ಲಿ ಬಸ್ ಖರ್ಚು ಬರೆದರೆ ನಾಳೆ ಟಿಕೆಟ್ ತೋರಿಸಲು ಆಗುವುದಿಲ್ಲ. ಆದರೆ ಬಸ್ ನಿಲ್ದಾಣದಿಂದ ಹಳ್ಳಿಗೆ ಶೂನ್ಯ ಟಿಕೆಟ್ ಇಲ್ಲ. ಅಲ್ಲಿನ ಆಟೋ ಖರ್ಚನ್ನು ಮರೆಯಬಾರದು.

27,633 ಎಂಬ ಈ ಅಂಕಿ ಗುಂಡಾಗಿಲ್ಲ. ಆದರೆ ಯಾವುದೇ ಸಾಲಿನ ಮೇಲೆ ಬೆರಳಿಟ್ಟು ‘ಇದೇಕೆ?’ ಎಂದು ಕೇಳಿದರೂ ಉತ್ತರವಿದೆ. ಕೇಳಿದ ಪ್ರತಿ ರೂಪಾಯಿಗೂ ಒಂದು ಕಾರಣ ಇರಬೇಕು ಎಂಬ ಈ ನಿಯಮಕ್ಕೆ ‘ಬಜೆಟ್ ಸಮರ್ಥನೆ’ ಎನ್ನುತ್ತಾರೆ. ಅರ್ಜಿಯಲ್ಲಿ ಅದಕ್ಕೆ ಬೇರೆ ಜಾಗ ಇಲ್ಲದಿದ್ದರೂ ಪ್ರತಿ ಸಾಲಿನ ಪಕ್ಕ ಒಂದು ವಾಕ್ಯ ಬರೆದರೆ ಸಾಕು.

ಹೇಳಿಕೆ 1: ಎರಡು ಪಟ್ಟು ಕೇಳಿ, ಅರ್ಧ ಸಿಗುತ್ತದೆ

ಇದು ಸಂತೆಯಲ್ಲಿ ಚೌಕಾಸಿ ಮಾಡುವ ಲೆಕ್ಕ. ಅನುದಾನದಲ್ಲಿ ಎದುರಿಗೆ ಕೂತಿರುವವರು ವ್ಯಾಪಾರಿಯಲ್ಲ, ಅದೇ ಕೆಲಸ ಮಾಡಿ ಗೊತ್ತಿರುವ ಅಧ್ಯಾಪಕರು ಅಥವಾ ವಿಜ್ಞಾನಿಗಳು. ಒಂದು ಫ್ಲೋರೈಡ್ ಪರೀಕ್ಷೆಗೆ ಎಷ್ಟಾಗುತ್ತದೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. 48 ಮಾದರಿಗೆ 100 ಬಾಟಲಿ ಕೇಳಿದರೆ ಅವರು 50ಕ್ಕೆ ಇಳಿಸಿ ಸುಮ್ಮನಾಗುವುದಿಲ್ಲ. ಉಳಿದ ಸಾಲುಗಳನ್ನೂ ಅನುಮಾನದಿಂದ ನೋಡುತ್ತಾರೆ. ಎಷ್ಟೋ ಕಾರ್ಯಕ್ರಮಗಳಲ್ಲಿ ಗರಿಷ್ಠ ಮಿತಿಯೂ ಇರುತ್ತದೆ. ಮಿತಿ ಮೀರಿದ ಅರ್ಜಿ ತಜ್ಞರ ಕೈ ತಲುಪುವ ಮೊದಲೇ ಪಕ್ಕಕ್ಕೆ ಹೋಗಬಹುದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಕೇಳಿದಷ್ಟೂ ಸಿಕ್ಕಿಬಿಡುವುದು. ಆಗ ಮಾಡದ ಖರ್ಚಿಗೆ ಬಿಲ್ ತೋರಿಸಬೇಕು. ಪರಿಚಯದ ಜೆರಾಕ್ಸ್ ಅಂಗಡಿಯಲ್ಲಿ ಖಾಲಿ ಬಿಲ್, ಗೆಳೆಯನ ಅಣ್ಣನ ಅಂಗಡಿಯಲ್ಲಿ ರಬ್ಬರ್ ಸ್ಟಾಂಪು. ಇಪ್ಪತ್ತೊಂದನೇ ವಯಸ್ಸಿನಲ್ಲಿ, ಜೀವನದ ಮೊದಲ ಸಂಶೋಧನೆಯಲ್ಲಿ ಕಲಿಯುವ ಮೊದಲ ಪಾಠ ಸುಳ್ಳು ದಾಖಲೆ ಮಾಡುವುದು ಎಂದಾಗುತ್ತದೆ. ಬಿಲ್ಲಿನಲ್ಲಿ ಅಂಕಿ ತಿದ್ದಿದ ಕೈಗೆ ನಾಳೆ ಫಲಿತಾಂಶದ ಅಂಕಿ ತಿದ್ದುವುದು ಅಷ್ಟು ಕಷ್ಟ ಎನಿಸುವುದಿಲ್ಲ.

ಹೇಳಿಕೆ 2: ಕಡಿಮೆ ಕೇಳಿದರೆ ಖಂಡಿತ ಸಿಗುತ್ತದೆ

ಇದು ಸಂಕೋಚದ ಲೆಕ್ಕ. ‘ಅಷ್ಟು ದುಡ್ಡು ಕೇಳಿದರೆ ಏನೆಂದುಕೊಳ್ಳುತ್ತಾರೋ’ ಎಂದು 27,000ದ ಕೆಲಸಕ್ಕೆ 10,000 ಬರೆಯುವವರೂ ಇದ್ದಾರೆ. ತಜ್ಞರು ಇದನ್ನೂ ಗುರುತಿಸುತ್ತಾರೆ: ಈ ಹಣದಲ್ಲಿ ಈ ಕೆಲಸ ಆಗುವುದಿಲ್ಲ, ಅಂದರೆ ಇವರಿಗೆ ಕೆಲಸದ ಅಂದಾಜಿಲ್ಲ.

ಒಂದು ವೇಳೆ ಮಂಜೂರಾದರೆ ಉಳಿದ 17,000 ಎಲ್ಲಿಂದ ಬರಬೇಕು? ಅನುಕೂಲಸ್ಥರ ಮನೆಯ ವಿದ್ಯಾರ್ಥಿ ಅಪ್ಪನಿಗೆ ಫೋನ್ ಮಾಡುತ್ತಾನೆ. ಹಾಸ್ಟೆಲಿನಲ್ಲಿ ಸ್ಕಾಲರ್‌ಶಿಪ್ ನಂಬಿ ಓದುತ್ತಿರುವ ಹುಡುಗಿ ಏನು ಮಾಡಬೇಕು? ಅವಳು ಪರೀಕ್ಷೆಗಳ ಸಂಖ್ಯೆ ಕಡಿಮೆ ಮಾಡುತ್ತಾಳೆ. ಮೊದಲು ಹೋಗುವುದು ಜೋಡಿ ಮಾದರಿಗಳು ಮತ್ತು ಶುದ್ಧ ನೀರಿನ ಬಾಟಲಿಗಳು, ಏಕೆಂದರೆ ವರದಿಯಲ್ಲಿ ಅವು ಎದ್ದು ಕಾಣುವುದಿಲ್ಲ. ಆಮೇಲೆ ಮಳೆಗಾಲದ ನಂತರದ ಸುತ್ತು ಹೋಗುತ್ತದೆ. ವರದಿಯ ಶೀರ್ಷಿಕೆ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ.

ಹಣ ಕಡಿಮೆ ಇದ್ದರೆ ಸರಿಯಾದ ದಾರಿ ಪ್ರಶ್ನೆಯನ್ನೇ ಸಣ್ಣದು ಮಾಡಿಕೊಳ್ಳುವುದು. ಮೇಲಿನ ಉದಾಹರಣೆಯಲ್ಲಿ ಮಿತಿ 10,000 ರೂ. ಇದೆ ಎಂದುಕೊಳ್ಳಿ. 10 ಬೋರ್‌ವೆಲ್, ಒಂದೇ ಋತು, ಒಂದೇ ದಿನದ ಓಡಾಟ. ಒಂದು ಜೋಡಿ ಮಾದರಿ, ಒಂದು ಶುದ್ಧ ನೀರಿನ ಬಾಟಲಿ ಸೇರಿ 12 ಪರೀಕ್ಷೆ. ಅದೇ ದರಗಳಲ್ಲಿ ಪರೀಕ್ಷೆಗೆ 4,248, ಬಾಟಲಿಗೆ 212, ಆಟೋಗೆ 1,200, ಬಸ್ಸಿಗೆ 160, ಊಟಕ್ಕೆ 300, ವರದಿಗೆ 1,200, ಫಲಿತಾಂಶದ ಹಾಳೆಗಳಿಗೆ 300. ಶೇ 5ರಷ್ಟು ಅನಿರೀಕ್ಷಿತ ಖರ್ಚು 381 ಸೇರಿ 8,001 ರೂ. ಉಳಿದ ಜಾಗದಲ್ಲಿ ಇನ್ನೆರಡು ಮೂರು ಬೋರ್‌ವೆಲ್ ಸೇರಿಸಬಹುದು. ಮಳೆಗಾಲದ ಮೊದಲು ಮತ್ತು ನಂತರ ಏನು ಬದಲಾಯಿತು ಎಂದು ಈ ಅಧ್ಯಯನ ಹೇಳಲಾರದು. ಆದರೆ ಹೇಳುವಷ್ಟನ್ನು ನಂಬಬಹುದು.

ಹೇಳಿಕೆ 3: ಮಂಜೂರಾಯಿತೆಂದರೆ ಹಣ ಕೈಗೆ ಬಂದಂತೆ

ಸಾಮಾನ್ಯವಾಗಿ ಅನುದಾನದ ಹಣ ಬರುವುದು ವಿದ್ಯಾರ್ಥಿಯ ಖಾತೆಗಲ್ಲ, ಕಾಲೇಜಿನ ಖಾತೆಗೆ. ಅಲ್ಲಿಂದ ಗೈಡ್ ಸಹಿ, ಪ್ರಾಂಶುಪಾಲರ ಸಹಿ, ಅಕೌಂಟ್ಸ್ ವಿಭಾಗ ದಾಟಿ ಬರಬೇಕು. ಎಷ್ಟೋ ಕಡೆ ನೀವು ಮೊದಲು ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಹಣ ವಾಪಸ್. ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಲ್ಲಿ ಆರಂಭಿಸಿದ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆಯಲ್ಲಿ ಸ್ಟೈಪೆಂಡ್ ಸಿಗುವುದು ಕೆಲಸ ಮುಗಿಸಿ, ವರದಿ ಕಳಿಸಿ, ಅದು ಒಪ್ಪಿಗೆಯಾದ ಮೇಲೆ.

ಆದ್ದರಿಂದ ಬಜೆಟ್‌ನಲ್ಲಿ ‘ಎಷ್ಟು’ ಎಂಬುದರ ಜೊತೆ ‘ಯಾವಾಗ’ ಎಂಬುದೂ ಇರಬೇಕು. ಯಾವ ತಿಂಗಳು ಯಾವ ಖರ್ಚು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೇ ತಿಂಗಳ ಮಾದರಿಗೆ ಹಣ ಜುಲೈನಲ್ಲಿ ಬರುವುದಾದರೆ ನಡುವೆ ಯಾರು ಕೊಡುತ್ತಾರೆ? ಕಾಲೇಜು ಮುಂಗಡ ಕೊಡುತ್ತದೆಯೇ? ಲ್ಯಾಬು ಕಾಲೇಜಿನ ಹೆಸರಿಗೆ ಬಿಲ್ ಮಾಡಿ ಆಮೇಲೆ ಹಣ ಪಡೆಯಲು ಒಪ್ಪುತ್ತದೆಯೇ? ಈ ಪ್ರಶ್ನೆಗಳನ್ನು ಅರ್ಜಿ ಹಾಕುವ ಮೊದಲು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕೇಳದಿದ್ದರೆ ಕೈಯಲ್ಲಿ ದುಡ್ಡಿರುವವರು ಮಾತ್ರ ಸಂಶೋಧನೆ ಮಾಡುತ್ತಾರೆ.

ಹೇಳಿಕೆ 4: ಹಣ ಉಳಿದರೆ ನಮ್ಮದೇ

ಅಲ್ಲ. ಅನುದಾನ ಸಂಬಳವಲ್ಲ, ಬಹುಮಾನವೂ ಅಲ್ಲ. ಉಳಿದ ಹಣವನ್ನು ಏನು ಮಾಡಬೇಕೆಂದು ಮಂಜೂರಾತಿ ಪತ್ರದಲ್ಲೇ ಇರುತ್ತದೆ, ಬಹುತೇಕ ಹಿಂದಿರುಗಿಸಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನ ಪಡೆದ ಸಂಸ್ಥೆ ಹಣ ಬಳಕೆಯ ಪ್ರಮಾಣಪತ್ರ ಕೊಡಬೇಕು. ಖಾತೆಯಲ್ಲಿದ್ದ ಅನುದಾನಕ್ಕೆ ಬ್ಯಾಂಕು ಕೊಟ್ಟ ಬಡ್ಡಿಯನ್ನೂ ಸರ್ಕಾರಕ್ಕೆ ಕಟ್ಟಬೇಕು. ಅನುದಾನದಲ್ಲಿ ಕೊಂಡ ಮೀಟರು, ಕ್ಯಾಮೆರಾ ಕೂಡ ಸಾಮಾನ್ಯವಾಗಿ ಸಂಸ್ಥೆಯ ಸ್ವತ್ತು, ಕೋರ್ಸ್ ಮುಗಿದ ಮೇಲೆ ಮನೆಗೆ ಒಯ್ಯುವಂತಿಲ್ಲ.

ಇದೇ ಕಾರಣಕ್ಕೆ ಲ್ಯಾಪ್‌ಟಾಪ್, ಫೋನ್ ಮುಂತಾದ ವಸ್ತುಗಳನ್ನು ಸಣ್ಣ ಅನುದಾನದಲ್ಲಿ ಕೇಳಿದರೆ ಮೊದಲು ಕತ್ತರಿ ಬೀಳುವುದು ಅವಕ್ಕೇ. ಒಂದು ಉಪಕರಣ ನಿಜಕ್ಕೂ ಬೇಕಾದರೆ ಮೊದಲು ಪಕ್ಕದ ವಿಭಾಗದಲ್ಲಿ ಇದೆಯೇ ನೋಡಿ, ಬಾಡಿಗೆಗೆ ಸಿಗುತ್ತದೆಯೇ ನೋಡಿ, ಮಾದರಿಗಳನ್ನು ಹೊರಗೆ ಕಳಿಸಿದರೆ ಅಗ್ಗವೇ ನೋಡಿ. ಈ ಮೂರನ್ನೂ ನೋಡಿದ್ದೇವೆ ಎಂದು ಬರೆದ ಒಂದು ಸಾಲು ಅರ್ಜಿಯ ತೂಕ ಹೆಚ್ಚಿಸುತ್ತದೆ.

ಹೇಳಿಕೆ 5: ಹೋದ ವರ್ಷದ ಸೀನಿಯರ್ ಬಜೆಟ್ ಇದೆಯಲ್ಲ, ಅದನ್ನೇ ಹಾಕಿ

ಮಾದರಿಯಾಗಿ ನೋಡಬಹುದು. ಆದರೆ ದರಗಳು ಬದಲಾಗುತ್ತವೆ, ತೆರಿಗೆಯೂ ಬದಲಾಗುತ್ತದೆ. ಒಂದು ಉದಾಹರಣೆ ಸಾಕು. ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನಾ ಸಂಸ್ಥೆಗಳು ವೈಜ್ಞಾನಿಕ ಉಪಕರಣ ಕೊಳ್ಳುವಾಗ ಮೊದಲು ಶೇ 5ರ ರಿಯಾಯಿತಿ ಜಿಎಸ್‌ಟಿ ದರ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ಹೋಯಿತು. ಹಳೆಯ ಬಿಲ್ ನೋಡಿ ಶೇ 5 ಹಾಕಿದವರಿಗೆ ಅಂಗಡಿಯಲ್ಲಿ ಶೇ 18ರ ಬಿಲ್ ಬಂದರೆ ಒಂದು ಲಕ್ಷದ ವಸ್ತುವಿಗೆ 13,000 ರೂ. ಕೊರತೆ. ಮತ್ತೆ 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳನ್ನು ತೆಗೆಯಲಾಗಿದೆ. ಆದ್ದರಿಂದ ಈಗಿನ ದಿನಾಂಕದ ಕೊಟೇಶನ್ ತೆಗೆದುಕೊಳ್ಳಿ, ಅದರಲ್ಲಿ ಜಿಎಸ್‌ಟಿ ಮತ್ತು ಸಾಗಣೆ ವೆಚ್ಚ ಸೇರಿದೆಯೇ ಎಂದು ಕೇಳಿ. ಸಣ್ಣ ಖರೀದಿಗೆ ಒಂದು, ದೊಡ್ಡದಕ್ಕೆ ಮೂರು ಕೊಟೇಶನ್ ಬೇಕು ಎಂಬಂಥ ನಿಯಮ ನಿಮ್ಮ ಕಾಲೇಜಿನಲ್ಲಿ ಇದೆಯೇ ಎಂದೂ ತಿಳಿದುಕೊಳ್ಳಿ.

ಎಲ್ಲರೂ ಮರೆಯುವ ಖರ್ಚುಗಳು

ಲ್ಯಾಬಿನ ಕೆಲಸವಲ್ಲದ, ಜನರನ್ನು ಮಾತನಾಡಿಸುವ ಸಂಶೋಧನೆಯಲ್ಲಿ ಮರೆವು ಇನ್ನೂ ಹೆಚ್ಚು. ನಾನು ಎಂಎ ಓದುವಾಗ ಆರೋಗ್ಯದ ಫಾರ್ವರ್ಡ್‌ಗಳನ್ನು ಹಿರಿಯರು ಹೇಗೆ ನಂಬುತ್ತಾರೆ ಎಂದು ತಿಳಿಯಲು ಸಂದರ್ಶನಗಳನ್ನು ಮಾಡಿದ್ದೆ. ಬಸ್ ಖರ್ಚು ಬರೆದಿದ್ದೆ, ಜೆರಾಕ್ಸ್ ಬರೆದಿದ್ದೆ. ರೆಕಾರ್ಡ್ ಮಾಡಿದ ಮಾತನ್ನು ಅಕ್ಷರಕ್ಕೆ ಇಳಿಸುವ ಕೆಲಸಕ್ಕೆ ಒಂದು ಪೈಸೆಯನ್ನೂ ಬರೆದಿರಲಿಲ್ಲ. ಒಂದು ಗಂಟೆಯ ಆಡಿಯೋ ಬರೆದು ಮುಗಿಸಲು ನನಗೆ ಸುಮಾರು ಐದು ಗಂಟೆ ಹಿಡಿಯಿತು. ಪರೀಕ್ಷೆಯ ಹಿಂದಿನ ವಾರಗಳೆಲ್ಲ ಅದಕ್ಕೇ ಹೋದವು. ಕೊನೆಯ ಕೆಲವು ಸಂದರ್ಶನಗಳನ್ನು ಪೂರ್ತಿ ಬರೆಯಲೇ ಇಲ್ಲ. ಅವುಗಳಲ್ಲಿ ಏನಿತ್ತೋ ಅದು ನನ್ನ ವರದಿಯಲ್ಲಿಲ್ಲ. ಬಜೆಟ್‌ನಲ್ಲಿ ಬಿಟ್ಟ ಒಂದು ಸಾಲು ಹೀಗೆ ಜನರ ಮಾತನ್ನೇ ಬಿಡಿಸಿತು.

ಇನ್ನೊಂದು ಖರ್ಚು ಇದಕ್ಕಿಂತ ಮುಖ್ಯ. ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಅರ್ಧ ದಿನ ಕೂರುವ ಕೂಲಿ ಕಾರ್ಮಿಕ ಮಹಿಳೆ ಆ ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಾಳೆ. ಭಾಗವಹಿಸಿದವರಿಗೆ ಪ್ರಯಾಣ ವೆಚ್ಚವನ್ನೂ ಕಳೆದುಕೊಂಡ ಕೂಲಿಯನ್ನೂ ಭರಿಸಿಕೊಡಬಹುದು, ಆದರೆ ಆಸೆಗೆ ಬಿದ್ದು ಒಪ್ಪುವಷ್ಟು ದೊಡ್ಡ ಮೊತ್ತ ಇರಬಾರದು ಎಂಬುದು ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಗಳ ನಿಲುವು. ಈ ಸಾಲು ನಿಮ್ಮ ಬಜೆಟ್‌ನಲ್ಲಿ ಇಲ್ಲದಿದ್ದರೆ ಆ ಖರ್ಚು ಇಲ್ಲವೆಂದಲ್ಲ. ಅದನ್ನು ಆ ಮಹಿಳೆ ಭರಿಸುತ್ತಿದ್ದಾಳೆ ಎಂದಷ್ಟೇ ಅರ್ಥ.

ಸಾಮಾನ್ಯವಾಗಿ ಬಿಟ್ಟುಹೋಗುವ ಬೇರೆ ಸಾಲುಗಳು: ಪ್ರಶ್ನಾವಳಿಯ ಕನ್ನಡ ಅನುವಾದ, ಮೊದಲ ಪ್ರಾಯೋಗಿಕ ಸುತ್ತು, ಕೆಟ್ಟುಹೋಗುವ ಬಿಡಿಭಾಗಗಳು, ಕೊರಿಯರ್, ಕೊನೆಗೆ ಫಲಿತಾಂಶವನ್ನು ಊರಿನವರಿಗೆ ತಲುಪಿಸುವ ಖರ್ಚು. ‘ಇತರೆ’ ಎಂಬ ಒಂದೇ ಚೀಲದಲ್ಲಿ ಇವನ್ನೆಲ್ಲ ತುಂಬಬೇಡಿ. ಅನಿರೀಕ್ಷಿತ ಖರ್ಚಿನ ಸಾಲು ನಿಜಕ್ಕೂ ಅನಿರೀಕ್ಷಿತವಾದದ್ದಕ್ಕೆ ಇರಲಿ.

ಆ ಲಿಂಕ್ ಬಗ್ಗೆ ಏನು ಹೇಳುತ್ತೀರಿ?

ಮೊದಲು ಹೇಳಿದ ‘ಲಿಂಕ್ ಒತ್ತಿ’ ಫಾರ್ವರ್ಡ್‌ಗೆ ಮರಳೋಣ. ‘ಶುಲ್ಕ ಕೇಳಿದರೆ ಮೋಸ’ ಎಂಬ ಸರಳ ನಿಯಮ ಇಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಕೆಲವು ನಿಜವಾದ ಕಾರ್ಯಕ್ರಮಗಳೂ ಅರ್ಜಿ ಶುಲ್ಕ ಪಡೆಯುತ್ತವೆ. ನೋಡಬೇಕಾದದ್ದು ಇಷ್ಟು: ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಅದೇ ಪ್ರಕಟಣೆ ಇದೆಯೇ? ಶುಲ್ಕ ಸಂಸ್ಥೆಯ ಖಾತೆಗೆ ಹೋಗುತ್ತದೆಯೇ, ಯಾರದೋ ಮೊಬೈಲ್ ನಂಬರಿಗೆ ಹೋಗುತ್ತದೆಯೇ? ಅರ್ಜಿಯಲ್ಲಿ ಗೈಡ್ ಮತ್ತು ಪ್ರಾಂಶುಪಾಲರ ಸಹಿ ಕೇಳಿದ್ದಾರೆಯೇ? ಕೆಲಸದ ವಿವರವನ್ನೂ ಬಜೆಟ್ಟನ್ನೂ ಕೇಳದೆ, ಆಧಾರ್, ಬ್ಯಾಂಕ್ ವಿವರ, ಒಟಿಪಿ ಮಾತ್ರ ಕೇಳುವ ‘ಸಂಶೋಧನಾ ಅನುದಾನ’ ಇಲ್ಲ. ನಿಜವಾಗಿ ಹಣ ಕೊಡುವವರು ಆ ಹಣದಲ್ಲಿ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ.

ಅರ್ಜಿ ಕಳಿಸುವ ಮೊದಲು

• ಮೊದಲು ಕೆಲಸದ ಹಂತಗಳನ್ನು ಬರೆಯಿರಿ, ಆಮೇಲೆ ಪ್ರತಿ ಹಂತದ ಖರ್ಚು.
• ಪ್ರತಿ ಸಾಲೂ ‘ಎಷ್ಟು × ಯಾವ ದರ’ ಎಂದೇ ಇರಲಿ.
• ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಯಾವ ಖರ್ಚಿಗೆ ಅವಕಾಶ ಇಲ್ಲ ಎಂದು ಮೊದಲು ಓದಿ.
• ಹೊಸ ಕೊಟೇಶನ್, ಜಿಎಸ್‌ಟಿ ಸಹಿತ.
• ಯಾವ ತಿಂಗಳು ಎಷ್ಟು ಬೇಕು, ಹಣ ತಡವಾದರೆ ಯಾರು ಕೊಡುತ್ತಾರೆ ಎಂದು ಗೈಡ್ ಜೊತೆ ಮಾತನಾಡಿ.
• ಅರ್ಧ ಹಣ ಸಿಕ್ಕರೆ ಕೆಲಸದ ಯಾವ ಭಾಗ ಬಿಡುತ್ತೀರಿ ಎಂದು ಈಗಲೇ ನಿರ್ಧರಿಸಿ. ಜೋಡಿ ಮಾದರಿಗಳನ್ನು ಮಾತ್ರ ಬಿಡಬೇಡಿ.
• ಮೊದಲ ದಿನದಿಂದ ಪ್ರತಿ ಬಿಲ್ಲಿನ ಫೋಟೋ ತೆಗೆದಿಡಿ. ಬಸ್ ಟಿಕೆಟ್ಟಿನ ಶಾಯಿ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ.

ಇಷ್ಟೆಲ್ಲ ತಲೆನೋವು ಒಂದು ವಿದ್ಯಾರ್ಥಿ ಪ್ರಾಜೆಕ್ಟಿಗೆ ಬೇಕೇ ಎಂದು ನಿಮಗೆ ಅನಿಸಬಹುದು. ಬಾಗೇಪಲ್ಲಿಯ ಉದಾಹರಣೆಯನ್ನೇ ಇನ್ನೊಮ್ಮೆ ನೋಡಿ. ಹಣ ಸಾಲದೆ ಒಂದು ಬೋರ್‌ವೆಲ್ಲಿನಿಂದ ಒಂದೇ ಬಾಟಲಿ ತಂದು, ಒಂದೇ ಸಲ ಪರೀಕ್ಷಿಸಿದಾಗ 1.3 ಎಂದು ಬಂತು ಎಂದುಕೊಳ್ಳಿ. ನಿಜವಾದ ಪ್ರಮಾಣ 1.8 ಇದ್ದಿರಬಹುದು. ಜೋಡಿ ಮಾದರಿ ಇಲ್ಲದಿದ್ದರೆ ಆ ತಪ್ಪು ಹಿಡಿಯಲು ದಾರಿಯಿಲ್ಲ. ವರದಿಯ ಒಂದು ಪುಟದ ಫೋಟೋ ಊರಿನ ಗುಂಪಿಗೆ ಹೋಗುತ್ತದೆ: ‘ಕಾಲೇಜಿನವರು ಟೆಸ್ಟ್ ಮಾಡಿದ್ದಾರೆ, ನಮ್ಮ ನೀರು ಚೆನ್ನಾಗಿದೆ.’ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಒಂದು ತಪ್ಪು ಫಾರ್ವರ್ಡ್ ಹುಟ್ಟಿತು, ಮತ್ತು ಆ ಊರಿನ ಮಕ್ಕಳು ಅದೇ ನೀರು ಕುಡಿಯುತ್ತ ಬೆಳೆಯುತ್ತಾರೆ. ನಿಮ್ಮ ಗುಂಪಿನಲ್ಲಿ ಈ ವರ್ಷ ಯಾರಾದರೂ ‘ಎರಡು ಪಟ್ಟು ಬರೆಯಿರಿ’ ಎಂದು ಕಳಿಸಿದರೆ, ಅವರಿಗೆ ಇದನ್ನು ಕಳಿಸಿ.